ಎಸ್ಮೆಯ ಕೈಗುಣ

"ಎದೆ ಮೇಲಲ್ಲ ಮಗಳೇ, ಹೊಟ್ಟೆ ಮೇಲಿಡು," ಎಂದಳು ನೆರೆಮನೆಯ ಫಿದಾನಜ್ಜಿ. ಎಸ್ಮೆ ಕೈಯಲ್ಲಿದ್ದ ಕಬ್ಬಿಣವನ್ನು ಗಂಡನ ಮೈಯಿಂದ ಗೇಣು ಮೇಲೆ ಹಿಡಿದು ನಿಂತೇ ಇದ್ದಳು.

ಸತ್ತವರ ಹೊಟ್ಟೆ ಉಬ್ಬಬಾರದೆಂದು ಅದರ ಮೇಲೆ ಕಬ್ಬಿಣ ಇಡುವುದನ್ನು ತುರ್ಕಿಯ ಆಂತೆಪ್‌ನ ಹಳೆಯ ಬೀದಿಗಳಲ್ಲಿ ಇನ್ನೂ ಬಿಟ್ಟಿಲ್ಲ. ಹೆಚ್ಚಿನವರು ಚಾಕು ಇಡುತ್ತಾರೆ. ಮೆಕ್ಯಾನಿಕ್ ರಮ್ಝಿ ತೀರಿಕೊಂಡಾಗ ಪಾನಾ ಇಟ್ಟಿದ್ದರು. ಅದು ಜಾರಿ ಬಿದ್ದ ಸದ್ದಿಗೆ ಕೋಣೆಯಲ್ಲಿದ್ದವರೆಲ್ಲ ರಮ್ಝಿಯೇ ಎದ್ದನೆಂದು ಹೌಹಾರಿದ್ದರು. ಎಸ್ಮೆಯ ಗಂಡ ವಕ್ಕಾಸ್, ಬೀದಿಯ ರೊಟ್ಟಿ ಭಟ್ಟಿಯವನು. ಅವನ ಪಾಲಿಗೆ ಬಂದದ್ದು ಹಿಟ್ಟು ಕತ್ತರಿಸುವ ಕಬ್ಬಿಣದ ಪಟ್ಟಿ. ಬೆಳಿಗ್ಗೆ ಅವನ ತಮ್ಮ ಜುಮಾ ಅದನ್ನು ಭಟ್ಟಿಯಿಂದ ತಂದು, ಒಳಗೆ ಬರಲಾರದೆ ಹೊಸ್ತಿಲ ಮೇಲಿಟ್ಟು ಹೋಗಿದ್ದ. ಅದರ ಮರದ ಹಿಡಿಯಲ್ಲಿ ವಕ್ಕಾಸನ ಹೆಬ್ಬೆರಳು ತೇದು ಮಾಡಿದ ತಗ್ಗಿತ್ತು.

"ಇಡು. ತಡ ಮಾಡಿದ್ರೆ ಉಬ್ಬುತ್ತೆ."

"ಉಬ್ಬಿ ಆಗಿದೆ ಅಜ್ಜಿ."

"ಏನಂದೆ?"

"ಏನಿಲ್ಲ."

ಫಿದಾನಜ್ಜಿಗೆ ಒಂದು ಕಿವಿ ಕೇಳಿಸುವುದಿಲ್ಲ. ಸಾವಿನ ಮನೆಗಳಲ್ಲಿ ಎರಡೂ ಕೇಳಿಸುವುದಿಲ್ಲ. ಅವಳು ಎಸ್ಮೆಯ ಕೈಯಿಂದ ಪಟ್ಟಿಯನ್ನು ಕಿತ್ತುಕೊಂಡು, ಬಿಳಿ ಬಟ್ಟೆಯ ಮೇಲೆ, ಸರಿಯಾಗಿ ಹೊಕ್ಕುಳಿನ ಜಾಗ ನೋಡಿ ಇಟ್ಟಳು. ಆಮೇಲೆ ಲೊಚಗುಟ್ಟಿದಳು.

"ಎಂಥಾ ಹೊಕ್ಕುಳು ಇವನದು! ನೀನೇ ಹೇಳ್ತಿದ್ದೆಯಲ್ಲ, ಕುದುರೆ ಓಡಿದ ಹಾಗೆ ಬಡ್ಕೊಳ್ತಿದೆ ಅಂತ. ಅಂಥವನು ಹೋದ, ನಾನಿಲ್ಲಿ ಗುಂಡುಕಲ್ಲಿನ ಹಾಗೆ ಕೂತಿದೀನಿ. ದೃಷ್ಟಿ ಮಗಳೇ, ದೃಷ್ಟಿ. ನೀನು ಊರ ತುಂಬಾ ಅಷ್ಟು ಹೊಗಳ್ಕೊಂಡು ತಿರುಗಬಾರದಿತ್ತು."

ಎಸ್ಮೆ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು.

*

ಆ ಕೈ ಎಸ್ಮೆಗೆ ಅತ್ತೆಯಿಂದ ಬಂದದ್ದು. ಭಾರ ಎತ್ತಿದವರ, ಬೆಚ್ಚಿಬಿದ್ದವರ, ಹೊಟ್ಟೆ ಹಿಡಿದುಕೊಂಡು ಬಾಗಿದವರ ಹೊಕ್ಕುಳು ಜಾಗ ಬಿಟ್ಟು ಸರಿದಿರುತ್ತದೆ ಎಂಬುದು ಬೀದಿಯ ತಿಳಿವಳಿಕೆ. ಅಂಥವರನ್ನು ಅಂಗಾತ ಮಲಗಿಸಿ, ಹೊಕ್ಕುಳಿನ ಬಳಿ ಬೆರಳೊತ್ತಿ, ಒಳಗೆ ಬಡಿಯುವ ನಾಡಿಯನ್ನು ಹುಡುಕಬೇಕು. ನಡುವೆ ಸಿಕ್ಕರೆ ಸರಿ. ಪಕ್ಕದಲ್ಲಿ ಸಿಕ್ಕರೆ ಎಣ್ಣೆ ಹಚ್ಚಿ ನೀವಿ ನೀವಿ ನಡುವಿಗೆ ತರಬೇಕು. ಹಟ ಮಾಡಿದರೆ ಹೊಕ್ಕುಳಿನ ಮೇಲೆ ಹಿಟ್ಟಿನ ಉಂಡೆ ಇಟ್ಟು, ಅದಕ್ಕೊಂದು ಬತ್ತಿ ಚುಚ್ಚಿ ಹಚ್ಚಿ, ನೀರು ಕುಡಿಯುವ ಖಾಲಿ ಗ್ಲಾಸನ್ನು ಕವುಚಿಹಾಕಬೇಕು. ಬತ್ತಿ ಆರುತ್ತಲೇ ಗ್ಲಾಸು ಚರ್ಮವನ್ನು ಹೀರಿಕೊಂಡು ಮೇಲೆಳೆಯುತ್ತದೆ.

ಅತ್ತೆ ಕೊನೆಗಾಲದಲ್ಲಿ ಸೊಸೆಯ ಅಂಗೈಗೆ ಊದಿ, "ನನ್ನ ಕೈ ನಿನಗೆ ಕೊಟ್ಟೆ," ಎಂದಿದ್ದಳು. "ಹೆಂಗಸರಿಗೆ, ಮಕ್ಕಳಿಗೆ ನೋಡು. ಗಂಡಸರಲ್ಲಿ ಗಂಡನಿಗೆ ಮಾತ್ರ. ಬೇರೆ ಗಂಡಸಿನ ಹೊಟ್ಟೆ ಮುಟ್ಟಿದ್ಯೋ, ಈ ಕೈ ಸತ್ತು ಹೋಗುತ್ತೆ."

ಹಿಟ್ಟಿನ ಮೂಟೆ ಎತ್ತುವವನಿಗೆ ಹೊಕ್ಕುಳು ಸರಿಯದೆ ಇರುತ್ತದೆಯೇ? ಗುರುವಾರ ಸ್ನಾನ ಮುಗಿಸಿ ವಕ್ಕಾಸ್ ದಿವಾನದ ಮೇಲೆ ಅಂಗಿ ಎತ್ತಿಕೊಂಡು ಮಲಗುತ್ತಿದ್ದ. ಮದುವೆಯಾದಾಗಿನಿಂದ ಅವರಿಬ್ಬರ ನಡುವೆ ಜಗಳ ಹತ್ತದ ಹೊತ್ತು ಅದೊಂದೇ.

"ನೀನು ಹುಡುಕ್ಬೇಕಾ, ಅದೇ ಬಂದು ಸಲಾಂ ಹೊಡೆಯುತ್ತಾ?" ಎನ್ನುತ್ತಿದ್ದ.

"ನಗ್ಬೇಡ, ಸರಿಯುತ್ತೆ."

"ಎಲ್ಲಿದೆ ಹೇಳು."

"ನಡುವೇನೇ ಇದೆ ಮಾರಾಯ. ಬೇರೆಯವರದ್ದು ಹಗ್ಗದಷ್ಟು ಸಿಗುತ್ತೆ. ನಿಂದು..."

"ನಂದು?"

"ಮೊಟ್ಟೆ ಇಟ್ಟ ಹಾಗಿದೆ."

"ಭಟ್ಟಿಯವನ ಹೊಟ್ಟೆ ಕಣೇ. ಒಳಗೆ ರೊಟ್ಟಿ ಉಬ್ತಾ ಇರುತ್ತೆ."

ಮೊದಮೊದಲು ಅದೂ ಹಗ್ಗದಷ್ಟೇ ಇತ್ತು. ಈಚಿನ ವರ್ಷಗಳಲ್ಲಿ ಚಳಿಗಾಲದಿಂದ ಚಳಿಗಾಲಕ್ಕೆ ದಪ್ಪವಾಗುತ್ತ ಬಂದದ್ದು ಎಸ್ಮೆಯ ಬೆರಳಿಗೆ ಗೊತ್ತಿತ್ತು. ಗೊತ್ತಿತ್ತೆಂದೇ ಹೆಮ್ಮೆಪಟ್ಟಳು. ಎಲ್ಲರ ಗಂಡಂದಿರೂ ವಯಸ್ಸಾದಂತೆ ಸೊರಗುತ್ತಾರೆ, ತನ್ನವನ ಜೀವ ಮಾತ್ರ ಬಲಿಯುತ್ತಿದೆ ಎಂದುಕೊಂಡಳು. ಮೆಣಸಿನಕಾಯಿ ಒಣಗಿಸುವ ತಾರಸಿಗಳಲ್ಲಿ ಅದನ್ನು ಹೇಳಿದಳು, ಹಮಾಮಿನಲ್ಲಿ ಬೆನ್ನುಜ್ಜಿಸಿಕೊಳ್ಳುತ್ತ ಹೇಳಿದಳು. ವಕ್ಕಾಸ್ ಎದುರಿನ ಚಹಾದಂಗಡಿಯಲ್ಲಿ ಹೇಳಿದ: "ನನಗೆ ಎರಡು ಹೃದಯ ಇದೆಯಂತೆ. ನನ್ನ ಹೆಂಡತಿ ಲೆಕ್ಕ ಹಾಕಿದಾಳೆ." ಚಹಾದಂಗಡಿಯ ಸೈತ್, "ಒಂದನ್ನ ಈ ಕಡೆ ತಳ್ಳು, ನಂದು ಬೆಳಿಗ್ಗೆ ಹೊತ್ತಲ್ಲಿ ಸ್ಟಾರ್ಟ್ ಆಗಲ್ಲ," ಎಂದಿದ್ದ.

ಆ ಎರಡು ಹೃದಯದ ಮನುಷ್ಯ ಜೀವಮಾನದಲ್ಲಿ ಬೆಂಕಿಪೊಟ್ಟಣ ಕೊಂಡವನಲ್ಲ. ಬೆಳಿಗ್ಗೆ ಮೊದಲ ಸಿಗರೇಟನ್ನು ಭಟ್ಟಿಯ ಕೆಂಡಕ್ಕೆ ಮುಟ್ಟಿಸಿ ಹಚ್ಚಿದರೆ, ಆಮೇಲಿನದನ್ನೆಲ್ಲ ಹಿಂದಿನದರ ತುದಿಯಿಂದಲೇ ಹಚ್ಚುತ್ತಿದ್ದ. ಬಿ.ಪಿ. ಮಾತ್ರೆಗಳು ಉಪ್ಪಿನ ಡಬ್ಬಿಯ ಹಿಂದೆ ಇದ್ದವು. ತಲೆ ನೊಂದ ದಿನ ಅವನ್ನು ನೆನೆಸಿಕೊಳ್ಳುತ್ತಿದ್ದ. ಉಪ್ಪನ್ನು ಮಾತ್ರ ದಿನವೂ ನೆನೆಸಿಕೊಳ್ಳುತ್ತಿದ್ದ.

*

ಬೀದಿಯಲ್ಲಿ ಕುರ್ಚಿಗಳನ್ನು ಹಾಕಿದ್ದರು. ಸೈತ್ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ತಟ್ಟೆಯ ತುಂಬ ಸಿಗರೇಟು ಹಿಡಿದು ಸಾಲಿನುದ್ದಕ್ಕೂ ಓಡಾಡುತ್ತಿದ್ದ. ಸಾವಿನ ಮನೆಯ ಸಿಗರೇಟನ್ನು ಬೇಡವೆನ್ನುವಂತಿಲ್ಲ. ಬಿಟ್ಟವರೂ ಒಂದನ್ನು ತೆಗೆದುಕೊಂಡು, ಸತ್ತವನ ಹೆಸರಿನಲ್ಲಿ ಸೇದಿ, ಸಂಕೋಚಕ್ಕೆ ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದರು.

ವಕ್ಕಾಸನ ಮಗಳು ಬೆರ್ನಾ ಹೊರಗೆ ಬಂದಳು. ಅವಳು ಶಾಲೆಯಲ್ಲಿ ಭೂಗೋಳ ಕಲಿಸುವವಳು. ಅತ್ತು ಅತ್ತು ಮುಖ ಊದಿದ್ದರೂ ಪಾಠ ಹೇಳುವ ದನಿ ಹೋಗಿರಲಿಲ್ಲ.

"ಆ ತಟ್ಟೆ ಒಳಗಿಡಿ ಸೈತ್ ಮಾವ. ಅಪ್ಪನ್ನ ತಿಂದಿದ್ದು ಅದೇ."

"ಅಯ್ಯೋ ಕೂಸೇ, ಹೊಗೆ ಹೋಗೋದು ಎದೆಗೆ. ಒಡೆದಿದ್ದು ಹೊಟ್ಟೇಲಿ ಅಂತೀಯ. ಹೊಗೆ ದಾರಿ ತಪ್ತಾ?"

ಕುರ್ಚಿಗಳವರು ನಗಬಾರದ ದಿನ ಎಷ್ಟು ನಗಬಹುದೋ ಅಷ್ಟು ನಕ್ಕರು.

"ಹೃದಯದಿಂದ ಹೊರಟು ಹೊಟ್ಟೆಗಿಳಿಯೋ ದೊಡ್ಡ ರಕ್ತನಾಳ ಇದೆಯಲ್ಲ, ಅದು," ಎಂದಳು ಬೆರ್ನಾ. "ಹೊಗೆ ಅದರ ಗೋಡೆ ತಿನ್ನುತ್ತೆ. ಬಿ.ಪಿ. ಒಳಗಿಂದ ನೂಕುತ್ತೆ. ತೆಳ್ಳಗಾದ ಕಡೆ ಉಬ್ಬುತ್ತೆ. ನೋಯೋದಿಲ್ಲ, ಹೇಳೋದಿಲ್ಲ, ಒಂದು ದಿನ ಒಡೆಯುತ್ತೆ ಅಷ್ಟೆ. ವಯಸ್ಸಾದ ಗಂಡಸರಿಗೇ ಜಾಸ್ತಿ. ಪ್ರಪಂಚದಲ್ಲೆಲ್ಲಾ ಇದೆಯಂತೆ, ವರ್ಷಕ್ಕೆ ಲಕ್ಷಕ್ಕೂ ಮೇಲೆ ಜನ ಹೋಗ್ತಾರಂತೆ. ಜಪಾನಲ್ಲೂ."

"ಜಪಾನಿನವರೂ ನಮ್ಮ ಅದಿಯಾಮಾನ್ ತಂಬಾಕೇ ಸೇದೋದಾ?" ಎಂದ ಸೈತ್. ಆದರೆ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಬೆರ್ನಾ ಅವನನ್ನು ಬಿಟ್ಟು ಜುಮಾನ ಕಡೆ ತಿರುಗಿದಳು. ಅವನು ಕೊನೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ವಕ್ಕಾಸನಂತೆಯೇ ಉದ್ದಕ್ಕೆ, ಒಣಕಲು. ಭಟ್ಟಿಯ ಕಾವಿಗೆ ಹುಬ್ಬಿನ ಕೂದಲು ಅವನಂತೆಯೇ ಸುಟ್ಟಿತ್ತು.

"ಚಿಕ್ಕಪ್ಪ, ಡಾಕ್ಟರು ಮುಖ್ಯ ಹೇಳಿದ್ದು ನಿಮ್ಮ ವಿಷಯ. ಇದು ಮನೆತನದಲ್ಲಿ ಬರುತ್ತಂತೆ. ಅಣ್ಣನಿಗಿದ್ರೆ ತಮ್ಮನಿಗೂ ಇರಬಹುದು. ಹೊಟ್ಟೆ ಮೇಲೊಂದು ಯಂತ್ರ ಸವರಿ ನೋಡ್ತಾರೆ, ರೊಟ್ಟಿ ಬೇಯೋಷ್ಟು ಹೊತ್ತೂ ಹಿಡಿಯಲ್ಲ. ಮಣ್ಣಾದ ಕೂಡಲೇ ನನ್ನ ಜೊತೆ ಬನ್ನಿ."

"ಮನೆತನದಲ್ಲಿ ಯಾರಿಗಿತ್ತು?"

"ತಾತ ಹೇಗೆ ಹೋದ್ರು?"

"ಅಪ್ಪ ದೃಷ್ಟಿಗೆ ಹೋದ್ರು. ಮೇಲಿನ ಬೀದಿ ಭಟ್ಟಿಯವನ ಕಣ್ಣು."

"ಬೆನ್ನುನೋವು ಅಂತ ಬಗ್ಗಿದವರು ಏಳಲಿಲ್ಲ ಅಂತ ನೀವೇ ಹೇಳ್ತಿದ್ರಿ."

"ಭಟ್ಟಿಯವನಿಗೆ ಬೆನ್ನು ನೋಯದೆ ಹಲ್ಲು ನೋಯುತ್ತಾ? ಬಿಡು ಮಗಳೇ. ಇವತ್ತು ಅಣ್ಣನ ದಿನ."

ಆಗ ಸೈತ್, ಮಾತು ಬದಲಿಸುವ ಒಳ್ಳೆಯ ಮನಸ್ಸಿನಿಂದಲೇ, ಮಣ್ಣು ಮಾಡಿ ಬಂದವರಿಗೆ ಕೊಡುವ ಲಹ್ಮಾಜುನ್‌ಗೆ ಮೇಲಿನ ಬೀದಿಯ ಭಟ್ಟಿಗೆ ಹೇಳಿಬಿಡೋಣವೇ ಎಂದು ಕೇಳಿದ. ಕೊಚ್ಚಿದ ಮಾಂಸ ಸವರಿದ ಆ ತೆಳು ರೊಟ್ಟಿ, ಒಂದು ಲೋಟ ಮಜ್ಜಿಗೆ, ಇವಿಲ್ಲದೆ ಆ ಬೀದಿಯಲ್ಲಿ ಯಾರೂ ಸತ್ತದ್ದಿಲ್ಲ. ಜುಮಾ ಎದ್ದು ನಿಂತ.

"ಈ ಬೀದೀಲಿ ಯಾರು ಹೋದ್ರೂ ರೊಟ್ಟಿ ಹಾಕಿದ್ದು ನಮ್ಮಣ್ಣ. ನಿಮ್ಮಪ್ಪನಿಗೆ ಹಾಕಿದ್ದು ಅವನು, ರಮ್ಝಿಗೆ ಹಾಕಿದ್ದು ಅವನು. ಅವನ ರೊಟ್ಟಿ ಮೇಲಿನ ಬೀದಿಯಿಂದ ಬರಬೇಕಾ? ನಾನು ಹಾಕ್ತೀನಿ. ಬೆಂಕಿ ಹಾಕಿ ಬಂದಿದೀನಿ."

ಎದ್ದವನು ನೆಟ್ಟಗಾಗುವ ಮುಂಚೆ ಒಂದು ಕ್ಷಣ ತಡೆದು, ಎಡಗೈ ಮುಷ್ಟಿ ಕಟ್ಟಿ ಸೊಂಟದ ಮೇಲಕ್ಕೆ, ಬೆನ್ನಿನ ಎಡಕ್ಕೆ ಒತ್ತಿಕೊಂಡ. ಯಾರೂ ಗಮನಿಸಲಿಲ್ಲ. ಮಹಡಿಯ ಕಿಟಕಿಯ ಹಿಂದೆ ನಿಂತಿದ್ದ ಎಸ್ಮೆ ನೋಡಿದಳು. ಆ ಮುಷ್ಟಿಯನ್ನು ಅವಳು ಹಿಂದಿನ ದಿನವೂ ನೋಡಿದ್ದಳು.

*

ಹಿಂದಿನ ದಿನ ವಕ್ಕಾಸ್ ಮಧ್ಯಾಹ್ನವೇ ಮನೆಗೆ ಬಂದಿದ್ದ. ಮಗಳ ಮದುವೆಯ ದಿನವೂ ಸಂಜೆಯವರೆಗೆ ಭಟ್ಟಿ ಬಿಡದವನು. ಮುಖ ಬೂದಿಯ ಬಣ್ಣ, ಎಡಗೈ ಮುಷ್ಟಿಯನ್ನು ಬೆನ್ನಿಗೆ ಒತ್ತಿಕೊಂಡಿದ್ದ.

"ಬೆನ್ನು ಎಸ್ಮೆ. ಚಾಕು ಹಾಕಿ ತಿರುಗಿಸಿದ ಹಾಗಿದೆ. ಹೊಕ್ಕುಳು ಸರಿದಿರಬೇಕು, ನೋಡು."

ಅವಳು ನೋಡಿದಳು. ಹುಡುಕುವ ಕೆಲಸವೇ ಇರಲಿಲ್ಲ. ಅದು ಅವಳ ಇಡೀ ಅಂಗೈಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಕೊಂಚ ಎಡಕ್ಕಿದೆ ಎನ್ನಿಸಿತು. ಎಣ್ಣೆ ಹಚ್ಚಿ ನೀವಿದಳು. ನೋವು ಹೋಗಲಿಲ್ಲ. ಹಿಟ್ಟಿನ ಉಂಡೆ ಇಟ್ಟು ಬತ್ತಿ ಹಚ್ಚಿ ಗ್ಲಾಸು ಕವುಚಿದಳು.

"ಎಳೀತಿದೆಯಾ?"

"ಎಳೀತಿದೆ. ಹಾಯಾಗಿದೆ." ಕಣ್ಣು ಮುಚ್ಚಿದ್ದ. "ನಿನ್ನ ಕೈ ಬಿಸಿ ಇದೆ. ಅಲ್ಲೇ ಇಟ್ಟಿರು."

ಇಟ್ಟಿದ್ದಳು. ಅವನಿಗೆ ಜೊಂಪು ಹತ್ತಿತು. ಎದ್ದಾಗ ನೋವು ತಗ್ಗಿದೆ ಎಂದ, ಸೊಂಟಕ್ಕೆ ಉಣ್ಣೆಯ ಪಟ್ಟಿ ಸುತ್ತಿಸಿಕೊಂಡ. "ಸಂಜೆ ಬದನೆಕಾಯಿ ತಟ್ಟೆಗಳು ಬರ್ತವೆ, ಜುಮಾ ಸುಟ್ಟು ಹಾಕ್ತಾನೆ," ಎಂದು ಹೊರಟ. ಭಟ್ಟಿಯಲ್ಲಿ ಸುಡಿಸಲು ಮನೆಮನೆಯಿಂದ ಬರುವ ಆ ತಟ್ಟೆಗಳಲ್ಲಿ ಯಾವುದು ಯಾರದೆಂದು ಅವನು ಗುರುತು ಕೇಳುತ್ತಿರಲಿಲ್ಲ. ಹೆಚ್ಚಿದ ಬಗೆಯಿಂದಲೇ ಹೇಳುತ್ತಿದ್ದ. "ಇದು ಸುಲ್ತಾನಳದು, ಗಂಡನ ಮೇಲೆ ಸಿಟ್ಟಿದೆ ಇವತ್ತು, ತುಂಡು ನೋಡು." ಮೆಟ್ಟಿಲಿಳಿಯುತ್ತ ನಡುವೆ, ಯಾರೋ ಕೂರಲು ಹೇಳಿದಂತೆ, ಮೆಲ್ಲಗೆ ಕೂತುಬಿಟ್ಟ. ತಿರುಗಿ ಅವಳನ್ನು ನೋಡಿದ. ಏನೋ ತಮಾಷೆ ಹೇಳಲಿದ್ದಾನೆ ಎಂದು ಅವಳು ಕಾದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆರ್ನಾ ಅಮ್ಮನ ಎದುರು ಮಂಡಿಯೂರಿ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಆಮೇಲೆ ಅಮ್ಮನ ಮಡಿಲಲ್ಲಿ ತಲೆಯಿಟ್ಟಳು.

"ಯಾರಾದ್ರೂ ಒಂದು ಸಲ ಹೊಟ್ಟೆ ಮೇಲೆ ಕೈಯಿಟ್ಟು ನೋಡಿದ್ರೆ ಗೊತ್ತಾಗ್ತಿತ್ತಂತೆ ಅಮ್ಮ. ಅಪ್ಪ ಅಷ್ಟು ತೆಳ್ಳಗಿದ್ರಲ್ಲ. ಆಪರೇಷನ್ ಮಾಡಿ ಸರಿ ಮಾಡ್ತಿದ್ರಂತೆ. ಒಂದು ಕೈ ಸಾಕಿತ್ತು. ಯಾರೂ ಇಟ್ಟು ನೋಡ್ಲಿಲ್ಲ."

ಎಸ್ಮೆಯ ಬಲಗೈ ಆಗ ಮಗಳ ತಲೆಯ ಮೇಲಿತ್ತು.

"ಹೊಟ್ಟೆ ಮೇಲೆ ದುಂಡಗೆ ಕೆಂಪು ಗುರುತಿತ್ತಂತೆ. ಏನದು ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ನಿನಗೆ ಗೊತ್ತಾ?"

"ಗೊತ್ತಿಲ್ಲ," ಎಂದಳು ಎಸ್ಮೆ.

*

ಶವ ತೊಳೆಯುವಾಗ ನೀರು ಹಾಕಿದ್ದು ಜುಮಾ. ಮಸೀದಿಯ ಪಕ್ಕದ ಆ ಸಣ್ಣ ಕೋಣೆಯಿಂದ ಹೊರಬಂದಾಗ ಅವನ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಹೆಂಗಸರ ಗುಂಪಿನ ಮುಂದೆಯೇ ಹಾದುಹೋದ, ಅತ್ತಿಗೆಯ ಕಡೆ ತಲೆಯೆತ್ತಲಿಲ್ಲ. ಅವನು ಗುರುತನ್ನು ನೋಡಿದ್ದಾನೆಂದು ತಿಳಿಯಲು ಎಸ್ಮೆಗೆ ಅಷ್ಟು ಸಾಕಾಯಿತು.

ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟರು. ನಮಾಜು ಮುಗಿದ ಮೇಲೆ ಇಮಾಮರು ಸಾಲುಗಳ ಕಡೆ ತಿರುಗಿದರು.

"ತೀರಿಕೊಂಡ ಇವರನ್ನು ಎಂಥವರೆಂದು ಬಲ್ಲಿರಿ?"

"ಒಳ್ಳೆಯವರೆಂದು ಬಲ್ಲೆವು."

"ಇವರ ಮೇಲೆ ನಿಮಗಿರುವ ಋಣವನ್ನೆಲ್ಲ ಬಿಟ್ಟುಕೊಟ್ಟಿರಾ?"

"ಬಿಟ್ಟುಕೊಟ್ಟೆವು."

ಮೂರು ಬಾರಿ ಕೇಳಿದರು, ಮೂರು ಬಾರಿ ಬಿಟ್ಟುಕೊಟ್ಟರು. ರೊಟ್ಟಿಯ ಅಂಚು ಕರಕಲೆಂದು ದಿನವೂ ಭಟ್ಟಿಯ ಮುಂದೆ ನಿಂತು ಬೈಯುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ, ಕೂಗಿದ ಮೇಲೆ ಅಳು ತಡೆಯಲಾರದೆ ಕಂಬ ಹಿಡಿದುಕೊಂಡ.

ಹಿಂದಿನ ಗೋಡೆಗೆ ಒರಗಿ ನಿಂತ ಹೆಂಗಸರ ಸಾಲಿನಲ್ಲಿ ಎಸ್ಮೆಯ ತುಟಿಯೂ ಅಲ್ಲಾಡಿತು. ಬದುಕಿದವರು ಸತ್ತವನ ಋಣ ಬಿಟ್ಟುಕೊಡುವುದಕ್ಕೆ ಇಷ್ಟು ದೊಡ್ಡ ಅಂಗಳ, ಇಷ್ಟು ಜನ. ಸತ್ತವನು ಬಿಟ್ಟುಕೊಟ್ಟನೇ ಎಂದು ಕೇಳುವುದಕ್ಕೆ ಯಾವ ಹೊತ್ತನ್ನೂ ಯಾರೂ ಗೊತ್ತು ಮಾಡಿರಲಿಲ್ಲ. ಅವಳು ಪೆಟ್ಟಿಗೆಯನ್ನು ನೋಡಿದಳು. ಮೇಲೆ ಹಸಿರು ಬಟ್ಟೆ, ಅದರ ಮೇಲೆ ಅವನ ಉಣ್ಣೆಯ ಟೊಪ್ಪಿಗೆ. ಗಂಡಸರು ಹೆಗಲು ಕೊಟ್ಟರು. ಮುಂದಿನ ಎಡ ಮೂಲೆಗೆ ಜುಮಾ ಹೆಗಲು ಕೊಟ್ಟಿದ್ದ. ಬಾಗಿಲು ದಾಟುವಾಗ ಅವನ ಇನ್ನೊಂದು ಕೈ ಮತ್ತೆ ಬೆನ್ನಿಗೆ ಹೋಯಿತು.

*

ಮಣ್ಣು ಮಾಡಿ ಬಂದವರು ಕುರ್ಚಿಗಳಲ್ಲಿ ಕೂತು, ಹಸಿದಿದ್ದನ್ನು ತೋರಿಸದಿರುವ ಕಷ್ಟದಲ್ಲಿದ್ದರು. ಉಳಿದ ಕೊಚ್ಚಿದ ಮಾಂಸದ ಬೋಗುಣಿಯನ್ನು ಭಟ್ಟಿಗೆ ಕೊಟ್ಟುಬರುತ್ತೇನೆಂದು ಎಸ್ಮೆ ಎದ್ದಾಗ ಫಿದಾನಜ್ಜಿ ಅವಳ ಲಂಗ ಹಿಡಿದು ಎಳೆದಳು.

"ಬೇರೆ ಯಾರೂ ಇಲ್ವಾ? ಗಂಡನ್ನ ಮಣ್ಣಿಗೆ ಕಳಿಸಿದ ದಿನ ಹೆಂಗಸು ಬೀದಿಗಿಳೀತಾಳಾ?"

"ನನ್ನ ಗಂಡನ ಭಟ್ಟಿಗೆ ಹೋಗ್ತಿದೀನಿ ಅಜ್ಜಿ," ಎಂದಳು ಎಸ್ಮೆ.

ಜುಮಾ ಭಟ್ಟಿಯ ಬಾಯಿಯ ಮುಂದಿನ ಗುಂಡಿಯಲ್ಲಿ ನಿಂತು ಉದ್ದ ಹಿಡಿಯ ಮರದ ಹಲಗೆಯಿಂದ ರೊಟ್ಟಿ ನೂಕುತ್ತಿದ್ದ. ಕಪ್ಪು ಅಂಗಿ ಬೆನ್ನಿಗೆ ಅಂಟಿತ್ತು. ಬೆಂಕಿಯ ಬೆಳಕಿನಲ್ಲಿ ಹಿಂದಿನಿಂದ ನೋಡಿದರೆ ವಕ್ಕಾಸನೇ. ಎಸ್ಮೆ ಬೋಗುಣಿಯನ್ನು ಇಡಲು ಹೋದವಳು ಹಿಟ್ಟು ಚೆಲ್ಲಿದ ಕಟ್ಟೆಗೆ ಬಲಗೈಯೂರಿ ನಿಂತಳು.

"ಅಲ್ಲಿಟ್ಟು ಹೋಗಿ ಅತ್ತಿಗೆ. ಜನ ನೋಡ್ತಾರೆ."

"ನೋಡ್ಲಿ. ಬೆನ್ನು ನೋಯ್ತಿದೆಯಾ?"

"ಇಲ್ಲ."

"ಯಾವಾಗಿಂದ?"

"ಇಲ್ಲ ಅಂದ್ನಲ್ಲ." ಎರಡು ರೊಟ್ಟಿ ತೆಗೆದ. "ಹಬ್ಬ ಆದಾಗಿಂದ."

ಭಟ್ಟಿಯೊಳಗೆ ಮಾಂಸ ಹಚ್ಚದೆ ಹಾಕಿದ್ದ ಒಂದು ಬರಿ ರೊಟ್ಟಿ, ತೆಳ್ಳಗಿದ್ದ ಕಡೆಯಿಂದ ಮೆಲ್ಲಗೆ ಏಳತೊಡಗಿತು. ಎದ್ದು ಎದ್ದು ಚೆಂಡಾಯಿತು. ಇಬ್ಬರೂ ಅದನ್ನೇ ನೋಡಿದರು. ಜುಮಾ ಹಲಗೆಯ ತುದಿಯಿಂದ ಅದನ್ನು ಮುಟ್ಟಬೇಕೆಂದು ಚಾಚಿದವನು ಮುಟ್ಟದೆ ಹಿಂದೆಗೆದ.

"ನಾನೊಂದು ಸಲ ಕೈಯಿಟ್ಟು ನೋಡ್ತೀನಿ," ಎಂದಳು ಎಸ್ಮೆ.

ಅವನು ಹಲಗೆಯನ್ನು ಗೋಡೆಗೆ ಒರಗಿಸಿದ.

"ಗ್ಲಾಸಿನ ಗುರುತಿತ್ತು ಅತ್ತಿಗೆ. ತೊಳೆಯೋವಾಗ ಇಮಾಮರು ಇದೇನಪ್ಪಾ ಅಂದ್ರು. ಬೆಲ್ಟಿನ ಬಕಲ್ ಒತ್ತಿದ್ದು ಅಂದೆ. ಅಣ್ಣ ಜನ್ಮದಲ್ಲಿ ಬೆಲ್ಟ್ ಹಾಕಿದವನಲ್ಲ. ಸುಳ್ಳು ಹೇಳ್ತಾ ಅದರ ಮೇಲೇ ನೀರು ಹಾಕ್ದೆ."

"ಮಗಳ ಹತ್ತಿರ ನಾನೂ ಸುಳ್ಳು ಹೇಳಿದೀನಿ."

"ನನ್ನನ್ನೂ ಅವನ ಹತ್ತಿರ ಕಳಿಸ್ಬೇಕಾ ನಿಮಗೆ?"

ಹಾಗೆಂದ ಮೇಲೆ ಅವನ ಮುಖ ಬೆಂಕಿಗೆ ತೀರ ಹತ್ತಿರ ಹೋದವರ ಮುಖದಂತೆ ಸುಕ್ಕುಗಟ್ಟಿತು. ಎಸ್ಮೆ ಅಲ್ಲಾಡಲಿಲ್ಲ.

"ನಾನು ಎಳೆದಿದ್ದಕ್ಕೆ ಒಡೀತೋ, ಎಳೆಯದೆ ಇದ್ರೂ ಒಡೀತಿತ್ತೋ, ನನಗೆ ಗೊತ್ತಿಲ್ಲ ಜುಮಾ. ಕೇಳೋಕೆ ಬಾಯಿ ಬರ್ತಿಲ್ಲ. ಇಷ್ಟು ವರ್ಷ ಅದರ ಮೇಲೆ ಕೈಯಿಟ್ಕೊಂಡು ಹೊಗಳಿದೀನಿ. ಆದ್ರೆ ಅದು ಹೇಗಿರುತ್ತೆ ಅಂತ ಈ ಕೈಗೆ ಗೊತ್ತು. ಬೆರ್ನಾ ಹೇಳಿದ್ರೆ ನೀನು ಕೇಳಲ್ಲ. ಡಾಕ್ಟರು ಹೇಳಿದ್ರೂ ಕೇಳಲ್ಲ. ಇಲ್ಲ ಅಂತ ನನ್ನ ಕೈ ಹೇಳಿದ್ರೆ ರೊಟ್ಟಿ ಹಾಕು, ನಾನು ಹೋಗ್ತೀನಿ."

"ಬೇರೆ ಗಂಡಸರನ್ನ ಮುಟ್ಟಿದ್ರೆ ನಿಮ್ಮ ಕೈ ಸತ್ತು ಹೋಗುತ್ತೆ. ಅಮ್ಮ ಹೇಳಿದ್ರು."

"ಸಾಯ್ಲಿ."

ಜುಮಾ ಗುಂಡಿಯಿಂದ ಮೇಲೆ ಬಂದ. ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಹಿಟ್ಟಿನ ಉಂಡೆಗಳನ್ನು ಪಕ್ಕಕ್ಕೆ ಸರಿಸಿ, ಕಟ್ಟೆಯ ಮೇಲೆ ಅಂಗಾತ ಮಲಗಿದ. ಮಲಗುವಾಗ ವಕ್ಕಾಸ್ ಮಾಡುತ್ತಿದ್ದಂತೆಯೇ ಒಂದು ತೋಳನ್ನು ಕಣ್ಣಿನ ಮೇಲೆ ಹಾಕಿಕೊಂಡ.

"ಒತ್ತಬೇಡಿ ಅತ್ತಿಗೆ."

"ಒತ್ತಲ್ಲ."

ಅಂಗಿಯ ಮೇಲೆಯೇ, ಹೊಕ್ಕುಳಿನ ಮೇಲೆ, ಅವಳು ಬಲಗೈಯ ಅಂಗೈ ಇಟ್ಟಳು. ಮಲಗಿದ ಮಗುವಿನ ಮೇಲೆ ಇಡುವಷ್ಟು ಹಗುರವಾಗಿ. ಹುಡುಕಬೇಕಾಗಲಿಲ್ಲ. ಅದೇ ಬಂದು ಕೈ ಮುಟ್ಟಿತು.

ಅದೇ ದಪ್ಪ. ಅದೇ ಗತಿ. ಒಂದು ಬಡಿತ, ಒಂದು ಸಣ್ಣ ಬಿಡುವು, ಮತ್ತೆ ಅಂಗೈಯನ್ನು ಎತ್ತಿಹಾಕುವ ಬಡಿತ. ಇನ್ನೆಂದೂ ಈ ಲೋಕದಲ್ಲಿ ಸಿಗುವುದಿಲ್ಲವೆಂದು ಅವಳು ಅಂದುಕೊಂಡದ್ದು ಅಲ್ಲಿತ್ತು, ಬಿಸಿಯಾಗಿ, ಕೈಯ ಕೆಳಗೆ. ಗುರುವಾರಗಳೆಲ್ಲ ಅಲ್ಲಿದ್ದವು. ಅವಳಿಗೆ ಕೈ ತೆಗೆಯಲು ಮನಸ್ಸಾಗಲಿಲ್ಲ. ಭಟ್ಟಿಯೊಳಗೆ ರೊಟ್ಟಿ ಸೀಯುವ ವಾಸನೆ ಎದ್ದಿತು. ಇಬ್ಬರೂ ಭಟ್ಟಿಯ ಮನೆಯವರು, ಇಬ್ಬರೂ ಕದಲಲಿಲ್ಲ.

"ಇದೆಯಾ?" ತೋಳಿನ ಕೆಳಗಿನಿಂದ ಜುಮಾ ಕೇಳಿದ.

"ಇದೆ."

"ಅವನಷ್ಟೇನಾ?"

"ಅವನದೇ," ಎಂದಳು ಎಸ್ಮೆ. ಹೇಳಿದ ಮೇಲೆಯೇ ಅವಳಿಗೆ ಅಳು ಬಂತು. ಎರಡು ದಿನದಲ್ಲಿ ಅದೇ ಮೊದಲು.

ಅತ್ತು ಮುಗಿಯುವವರೆಗೆ ಜುಮಾ ಮಲಗಿಯೇ ಇದ್ದ. ಅವಳ ಕೈಯನ್ನು ಸರಿಸಲಿಲ್ಲ. ಕೊನೆಗೆ ಅವಳೇ ಒಂದೊಂದೇ ಬೆರಳು ಬಿಡಿಸಿ ಎತ್ತಿದಳು.

"ಏಳು. ಬೆರ್ನಾ ಕಾರಲ್ಲಿ ಕಾಯ್ತಿದಾಳೆ."

"ರೊಟ್ಟಿ?"

"ಸುಟ್ಟು ಹೋಗ್ಲಿ."

*

ಜುಮಾ ಭಟ್ಟಿಯಿಂದ ಹೊರಬಂದಾಗ ಕುರ್ಚಿಗಳವರೆಲ್ಲ ತಲೆಯೆತ್ತಿದರು. ಅವನ ಕಪ್ಪು ಅಂಗಿಯ ಮೇಲೆ, ಹೊಕ್ಕುಳಿನ ಜಾಗದಲ್ಲಿ, ಐದು ಬೆರಳು ಬಿಚ್ಚಿದ ಒಂದು ಹೆಂಗಸಿನ ಕೈ ಮೈದಾಹಿಟ್ಟಿನಲ್ಲಿ ಬೆಳ್ಳಗೆ ಮೂಡಿತ್ತು. ಫಿದಾನಜ್ಜಿ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪೋಸ್ಟ್‌ಮ್ಯಾನ್ ಕೊಡವಲು ಕೈ ಚಾಚಿದ. ಜುಮಾ ಆ ಕೈಯನ್ನು ತಡೆದು, ಎಲ್ಲ ಕುರ್ಚಿಗಳ ಮುಂದೆ ಹಾಗೆಯೇ ನಡೆದು, ಬೆರ್ನಾಳ ಕಾರಿನಲ್ಲಿ ಕೂತ.

ಸೈತ್‌ಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಬೀದಿ ಅದನ್ನು ಬಹಳ ಕಾಲ ನೆನಪಿಟ್ಟುಕೊಂಡಿತು. ಅವನು ಸಿಗರೇಟಿನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ತೋಳು ಮಡಚಿ ಭಟ್ಟಿಯ ಗುಂಡಿಗಿಳಿದ. ಚಹಾ ಕಾಸುವವನು ಹಾಕಿದ ರೊಟ್ಟಿ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ವಕ್ಕಾಸನ ಸಾವಿಗೆ ಬಂದವರು, ಅವನಿದ್ದಾಗ ಒಂದು ಕಪ್ಪು ಚುಕ್ಕೆಗೂ ಜಗಳಕ್ಕೆ ನಿಲ್ಲುತ್ತಿದ್ದವರು, ಮಸಿ ಹತ್ತಿದ ತುಟಿಗಳಿಂದ ಕೊನೆಯ ತುಂಡಿನವರೆಗೂ ತಿಂದರು. ಪೋಸ್ಟ್‌ಮ್ಯಾನ್ ಇನ್ನೊಂದು ಕೇಳಿ ತಿಂದ.

ಸಂಜೆಯ ಹೊತ್ತಿಗೆ ಬೆರ್ನಾಳ ಫೋನು ಬಂತು.

"ಇದೆ ಅಮ್ಮ. ಅಪ್ಪನಷ್ಟೇ ಇದೆ. ಒಡೆದಿಲ್ಲ. ಒಳಗೆ ಸೇರಿಸ್ಕೊಂಡಿದಾರೆ, ಬೆಳಿಗ್ಗೆ ಆಪರೇಷನ್." ಮಗಳು ಉಸಿರು ತೆಗೆದುಕೊಂಡಳು. "ಚಿಕ್ಕಪ್ಪ ಅಂಗಿ ಬಿಚ್ಚೋಕೆ ಬಿಡ್ತಿರ್ಲಿಲ್ಲ. ನರ್ಸು ಕತ್ತರಿ ತಂದ್ರು. ಅಮ್ಮ, ಆ ಗುರುತು... ಅಪ್ಪನ ಹೊಟ್ಟೆ ಮೇಲಿದ್ದದ್ದು..."

"ಮನೆಗೆ ಬಾ," ಎಂದಳು ಎಸ್ಮೆ. "ಹೇಳ್ತೀನಿ."

ಹೆಂಗಸರ ಊಟಕ್ಕೆ ನೆಲದ ಮೇಲೆ ಬಟ್ಟೆ ಹಾಸಿದ್ದರು. ಫಿದಾನಜ್ಜಿ ತಂಬಿಗೆ, ಬೋಗುಣಿ ಹಿಡಿದು, ಹೆಗಲ ಮೇಲೆ ಟವೆಲು ಹಾಕಿಕೊಂಡು ಒಬ್ಬೊಬ್ಬರ ಮುಂದೆ ಬಗ್ಗಿ ಕೈಗೆ ನೀರು ಹಾಕುತ್ತ ಬಂದಳು. ಎಸ್ಮೆಯ ಮುಂದೆಯೂ ಬಗ್ಗಿದಳು.

"ಎರಡು ದಿನದಿಂದ ಏನೂ ತಿಂದಿಲ್ಲ. ಕೈ ಹಿಡಿ ಮಗಳೇ."

ಎಸ್ಮೆ ಎಡಗೈಯನ್ನು ಚಾಚಿದಳು. ನೀರು ಬಿತ್ತು.

"ಇನ್ನೊಂದು?"

ಬಲಗೈ ಮಡಿಲಲ್ಲಿತ್ತು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಹಿಡಿದದ್ದು ಹಾರಿಹೋಗದಂತೆ ಮುಚ್ಚಿಕೊಂಡ ಮುಷ್ಟಿಯ ಹಾಗೆ ಅವಳು ಅದನ್ನು ಮುಚ್ಚಿಕೊಂಡಿದ್ದಳು. ಫಿದಾನಜ್ಜಿ ತಂಬಿಗೆ ಬಗ್ಗಿಸಿ ಕಾದಳು. ಎಸ್ಮೆ ಬಿಚ್ಚಲಿಲ್ಲ.